ಕೋವಿ ಠಾಣೆಯಲ್ಲಿದ್ದ ದಿನಗಳು

ಮಾರ್ಚ್ 23, 2024, ಶನಿವಾರ

ಕೋವಿ ಇವತ್ತು ಠಾಣೆಗೆ ಹೋಯಿತು. ಚುನಾವಣೆ ಮುಗಿಯುವ ತನಕ ಲೈಸೆನ್ಸ್ ಇರುವವರೆಲ್ಲ ತಂದೊಪ್ಪಿಸಬೇಕೆಂದು ಪೊಲೀಸರು ಸೋಮವಾರವೇ ಹೇಳಿಹೋಗಿದ್ದರು. ನಮ್ಮ ಯಜಮಾನರು ನಾಳೆ, ನಾಡಿದ್ದು ಎಂದು ದಿನ ತಳ್ಳುತ್ತಿದ್ದರು. ಬೆಳಿಗ್ಗೆ ಪಕ್ಕದ ಹೊಲದ ಸಣ್ಣಬೀರಯ್ಯನವರು ತಮ್ಮ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದು, "ಬಾ ಉಮಾಸಂಕ್ರ, ಒಟ್ಗೇ ಕೊಟ್ಬುಟ್ಟು ಬರವ" ಎಂದು ಬಾಗಿಲಲ್ಲಿ ನಿಂತ ಮೇಲೆ ಎದ್ದರು. ಬಸ್ಸು ತಿರುವು ದಾಟುವ ತನಕ ನೋಡುತ್ತ ನಿಂತಿದ್ದೆ. ಆಮೇಲೆ ಒಳಗೆ ಬಂದು ನೆಲದ ಮೇಲೆ ಕೂತುಬಿಟ್ಟೆ.

ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ಕೊಟ್ಟ ಈ ಡೈರಿ ಖಾಲಿಯಾಗಿ ಬಿದ್ದಿತ್ತು. ಯಾರಿಗೂ ಹೇಳಲಾಗದ್ದನ್ನು ಎಲ್ಲಾದರೂ ಇಳಿಸಬೇಕು.

ಹತ್ತು ದಿನದ ಹಿಂದಿನ ಮಾತು. ಹಗಲು ಹನ್ನೆರಡು ಗಂಟೆ. ತಂಬಾಕು ಸಸಿಗೆ ನೀರು ಹಾಕಿ, ಇವರನ್ನು ಹುಡುಕಿಕೊಂಡು ತಂಬಾಕು ಬೇಯಿಸುವ ಬ್ಯಾರನ್ ಮನೆಗೆ ಹೋದೆ. ಸೊಪ್ಪು ಬೇಯಿಸುವ ಕಾಲ ಅಲ್ಲ, ಒಳಗೆ ಯಾರಿಗೂ ಕೆಲಸವಿರುವುದಿಲ್ಲ. ಇವರು ಕೋವಿಯ ಹಿಡಿಯನ್ನು ನೆಲಕ್ಕೆ ಊರಿ, ನಳಿಗೆಯ ತುದಿಯ ಮೇಲೆ ಗಲ್ಲ ಇಟ್ಟುಕೊಂಡು ಕೂತಿದ್ದರು. ಕಣ್ಣು ಮುಚ್ಚಿತ್ತು. ನಾನು ಕೂಗಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಬಂದು, ಬಾಗಿಲ ಬಳಿಯಿದ್ದ ಬಿಂದಿಗೆಯನ್ನು ಕಾಲಿನಿಂದ ಉರುಳಿಸಿ, ಹೊರಗಿನಿಂದಲೇ "ರೀ, ಊಟಕ್ಕೆ ಬನ್ನಿ" ಎಂದೆ. ಬಂದರು. ಉಂಡರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಅವತ್ತಿನಿಂದ ಇವರು ಕಣ್ಣಿಗೆ ಕಾಣದಿದ್ದರೆ ನನಗೆ ಕೈಕಾಲು ಆಡುವುದಿಲ್ಲ. ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬಿಗಳನ್ನು ಪಕ್ಕದವರ ಕೊಟ್ಟಿಗೆಗೆ ಸಾಗಿಸಿದ್ದೇನೆ. ಬಾವಿಯ ಹಗ್ಗ ತೆಗೆದಿಟ್ಟಿದ್ದೇನೆ. ಕೋವಿಯನ್ನು ಮಾತ್ರ ಏನೂ ಮಾಡಲಾಗಿರಲಿಲ್ಲ. ಅದು ಮಾವನವರ ಕಾಲದ್ದು, ಬೆಳೆ ಕಾಯಲೆಂದು ಪಡೆದ ಲೈಸೆನ್ಸು, ಇವರ ಹೆಸರಿನಲ್ಲಿದೆ. ಸರ್ಕಾರವೇ ಬಂದು ತೆಗೆದುಕೊಂಡು ಹೋಯಿತು. ಚುನಾವಣೆ ವರ್ಷವಿಡೀ ನಡೆಯಲಿ ಎಂದು ಕೇಳಿಕೊಂಡೆ.

ಮಾರ್ಚ್ 26, ಮಂಗಳವಾರ

ಪ್ರತಿ ಮಂಗಳವಾರ ಹುಣಸೂರಿನ ಆಸ್ಪತ್ರೆಗೆ ಮೈಸೂರಿನಿಂದ ಮನಸ್ಸಿನ ಕಾಯಿಲೆಯ ಡಾಕ್ಟರು ಬರುತ್ತಾರೆ. ಬಾಣಂತಿ ಮಂಗಳಗೌರಿಯನ್ನು ಕರೆದುಕೊಂಡು ಹೋಗಿದ್ದೆ. ಮಗುವಿನ ಮುಖ ನೋಡಿದರೆ ಅಳುತ್ತಾಳೆ, ಮೂರು ವಾರವಾಯಿತು. ಅವಳ ಅತ್ತೆ ಹುಚ್ಚರ ಡಾಕ್ಟ್ರ ಹತ್ತಿರ ಕಳಿಸುವುದಿಲ್ಲ ಎಂದು ಹಟ ಹಿಡಿದಿದ್ದರು. ಜ್ವರ ಬಂದರೆ ತೋರಿಸುತ್ತೀರಿ, ಮನಸ್ಸಿಗೆ ಬಂದರೆ ಯಾಕೆ ಮುಚ್ಚಿಡುತ್ತೀರಿ ಎಂದು ಅರ್ಧ ಗಂಟೆ ಬುದ್ಧಿ ಹೇಳಿ ಒಪ್ಪಿಸಿದೆ.

ಡಾಕ್ಟರು ಶಿವಾನಿ ಎಂದು, ಚಿಕ್ಕ ವಯಸ್ಸು. ಚೀಟಿ ಬರೆದುಕೊಟ್ಟು ನನ್ನ ಕಡೆ ತಿರುಗಿ, "ನಿಮ್ಮ ಮನೇಲಿ ಎಲ್ಲ ಹೇಗಿದಾರೆ ಪ್ರಮೀಳಾ? ಯಾಕೋ ಸೊರಗಿದೀರಿ" ಎಂದರು.

"ಎಲ್ಲ ಚೆನ್ನಾಗಿದಾರೆ ಮೇಡಂ. ನಂಗೆ ಸ್ವಲ್ಪ ಗ್ಯಾಸ್ಟ್ರಿಕ್ಕು."

ಗ್ಯಾಸ್ಟ್ರಿಕ್ಕಿನ ಮಾತ್ರೆ ಇಸಿದುಕೊಂಡು ಬಂದೆ.

ಏಪ್ರಿಲ್ 1, ಸೋಮವಾರ

ಬಟ್ಟೆ ನೆನೆಸುವಾಗ ಇವರ ಅಂಗಿಯ ಜೇಬಿನಲ್ಲಿ ಕೋವಿಯ ತೋಟಾ ಸಿಕ್ಕಿತು. ಒಂದೇ ಒಂದು. ಹೊಡೆಯದ್ದು. ಉಳಿದವನ್ನೆಲ್ಲ ಕೋವಿಯ ಜೊತೆ ಒಪ್ಪಿಸಿದ್ದಾರೆ, ಇದನ್ನು ಇಟ್ಟುಕೊಂಡಿದ್ದಾರೆ. ಕೋವಿಯಿಲ್ಲದೆ ಇದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದರೂ ಮುಟ್ಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಬಚ್ಚಿಡೋಣವೆಂದರೆ, ಇಲ್ಲದ್ದು ಗೊತ್ತಾಗಿ ಕೇಳಿದರೆ ಏನು ಹೇಳುವುದು. ಗೋಡೆಯ ಗೂಡಿನಲ್ಲಿಟ್ಟೆ. ಸಂಜೆ ನೋಡಿದರೆ ಅಲ್ಲಿರಲಿಲ್ಲ. ಹಾಕಿಕೊಂಡಿದ್ದ ಅಂಗಿಯ ಜೇಬು ಉಬ್ಬಿತ್ತು.

ಏಪ್ರಿಲ್ 9, ಮಂಗಳವಾರ

ಯುಗಾದಿ. ಮಗಳು ಸ್ಪಂದನಾ ಹುಣಸೂರಿನ ಹಾಸ್ಟೆಲಿನಿಂದ ಬಂದಿದ್ದಾಳೆ. ಇವರು ಎಣ್ಣೆ ಹಚ್ಚಿಸಿಕೊಳ್ಳಲಿಲ್ಲ. ಹೊಸ ಪಂಚೆ ಮಡಿಸಿದಂತೆಯೇ ಇದೆ.

ಪ್ರತಿ ವರ್ಷ ಬೆಳಿಗ್ಗೆ ಇವರು ಅಣ್ಣನ ಮನೆಗೆ ಹೋಗಿ ಕಾಲಿಗೆ ಬೀಳುವುದು ವಾಡಿಕೆ. ಈ ಸಲ ಬಸವರಾಜು ಭಾವನವರು ಇಲ್ಲ. ಹೋದ ನವೆಂಬರಿನಲ್ಲಿ ರಾಗಿ ಕಾಯುವಾಗ ಆನೆ ಅವರನ್ನು ಕೊಂದಿತು. ಬೆಳಕು ಹರಿಯುವ ಮುಂಚೆ ಬ್ಯಾಟರಿ ಹಿಡಿದು ಅಟ್ಟಣೆಯಿಂದ ಇಳಿದಿದ್ದರು. ಇವರು ಕೋವಿ ಹಿಡಿದು ಮೇಲೆ ಕೂತಿದ್ದರು. ಗಾಳಿಗೆ ಈಡು ಹೊಡೆದೆ, ಆನೆ ಹೆದರಲಿಲ್ಲ ಎಂದು ಅರಣ್ಯ ಇಲಾಖೆಯವರ ಮುಂದೆ ಹೇಳಿಕೆ ಕೊಟ್ಟರು. ತಿಥಿ ಮುಗಿದ ಮೇಲೆ ಅಣ್ಣನ ಮನೆಯ ಹೊಸಲು ತುಳಿದಿಲ್ಲ. ಎರಡು ಮನೆಯ ನಡುವೆ ಇರುವುದು ಒಂದು ಹಿತ್ತಿಲು.

ನಾನೂ ಸ್ಪಂದನಾನೂ ಹೋಗಿ ಭಾವನವರ ಹೆಂಡತಿ ಮಲ್ಲಾಜಮ್ಮಕ್ಕನಿಗೆ ಒಬ್ಬಟ್ಟು ಕೊಟ್ಟು ಬಂದೆವು. ಅಕ್ಕ, "ಉಮಾಸಂಕ್ರ ಬರ್ನಿಲ್ವಾ?" ಎಂದು ಕೇಳಿದರು. ಮೈಗೆ ಸರಿಯಿಲ್ಲ ಎಂದೆ. "ಓ" ಎಂದು ಒಳಗೆ ಹೋದರು.

ದಾರಿಯಲ್ಲಿ ಮಗಳು, "ಅಪ್ಪಂಗೆ ಏನಾಗಿದೆ ಅಮ್ಮ?" ಎಂದಳು.

"ಗ್ಯಾಸ್ಟ್ರಿಕ್ಕು."

ಏಪ್ರಿಲ್ 10, ಬುಧವಾರ

ಪಿಯುಸಿ ಫಲಿತಾಂಶ ಬಂತು. ಸ್ಪಂದನಾಗೆ ನೂರಕ್ಕೆ ಎಂಬತ್ತನಾಲ್ಕು. ಓಡಿಹೋಗಿ ಅಪ್ಪನಿಗೆ ಹೇಳಿದಳು. ಇವರು ಅವಳ ಮುಖವನ್ನೇ ನೋಡಿದರು. ಬಹಳ ದೂರದಿಂದ ಯಾರೋ ಏನೋ ಹೇಳುತ್ತಿದ್ದಾರೆ, ಸರಿಯಾಗಿ ಕೇಳಿಸುತ್ತಿಲ್ಲ ಅನ್ನುವ ಹಾಗೆ. ಆಮೇಲೆ "ಹ್ಞೂಂ" ಎಂದರು.

ಹೋದ ವರ್ಷ ಅವಳು ಕಾಲೇಜಿನ ಓಟದಲ್ಲಿ ಮೂರನೆಯವಳಾಗಿ ಬಂದದ್ದಕ್ಕೆ ಊರಿಗೆಲ್ಲ ಕಡಲೆಪುರಿ ಹಂಚಿದ ಮನುಷ್ಯ.

ಏಪ್ರಿಲ್ 17, ಬುಧವಾರ

ಮೂರು ಮನೆ ಭೇಟಿ ಬಿಟ್ಟೆ. ಇವರು ಹೊಲದಲ್ಲಿ ಒಬ್ಬರೇ ಇದ್ದರು.

ಏಪ್ರಿಲ್ 26, ಶುಕ್ರವಾರ

ಓಟು ಹಾಕಿದೆವು. ಶಾಲೆಯ ಅಂಗಳದಲ್ಲಿ ಸಣ್ಣಬೀರಯ್ಯನವರು ಚುನಾವಣಾ ಕೆಲಸದ ಪೊಲೀಸಿನವರನ್ನು, "ಕೋವಿ ಇನ್ಯಾವಾಗ ಕೊಡ್ತೀರಿ ಸಾಮಿ? ಕಾಡಂದಿ ಕಾಟ ತಡಿಯಕ್ಕಾಯ್ತಿಲ್ಲ" ಎಂದು ಕೇಳುತ್ತಿದ್ದರು. "ಜೂನ್ ನಾಲ್ಕಕ್ಕೆ ಎಣಿಕೆ. ಅದಾಗಿ ಒಂದು ವಾರದೊಳಗೆ ಬಂದು ತಗೊಂಡು ಹೋಗಿ" ಎಂದರು ಅವರು.

ಓಟು ಮುಗಿದ ಕೂಡಲೇ ಕೊಟ್ಟುಬಿಡುತ್ತಾರೇನೋ ಎಂದು ಒಂದು ವಾರದಿಂದ ದಿನ ಎಣಿಸುತ್ತಿದ್ದೆ. ಇನ್ನೂ ಐದು ವಾರ ಇದೆ. ಐದು ವಾರದಲ್ಲಿ ಏನು ಮಾಡಬಲ್ಲೆ?

ಮೇ 3, ಶುಕ್ರವಾರ

ಲಸಿಕೆ ತರಲು ಹೋಗುತ್ತೇನೆಂದು ಸುಳ್ಳು ಹೇಳಿ ಠಾಣೆಗೆ ಹೋದೆ. ಬಾಗಿಲು ದಾಟುವಾಗ ಯಾರಾದರೂ ನೋಡಿದರೆ ಎಂದು ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದೆ. ಕೋವಿಗಳ ಲೆಕ್ಕ ನೋಡುವವರು ಮಹೇಂದ್ರ ಎಂಬ ಹೆಡ್ ಕಾನ್‌ಸ್ಟೆಬಲ್. ಕಬ್ಬಿಣದ ಕಂಬಿಯ ಹಿಂದೆ ಕೋವಿಗಳನ್ನು ಸಾಲಾಗಿ ಒರಗಿಸಿದ್ದರು. ಒಂದೊಂದಕ್ಕೂ ರಟ್ಟಿನ ಚೀಟಿ. ನಮ್ಮದು ಯಾವುದೆಂದು ನೋಡಲಿಲ್ಲ.

"ಸರ್, ನಮ್ಮ ಮನೆ ಕೋವಿ ವಾಪಸ್ ಕೊಡಬೇಡಿ."

"ಯಾಕಮ್ಮ?"

ಅವರೇ ಕುರ್ಚಿ ತೋರಿಸಿದರು. ನೀರು ಕೊಟ್ಟರು. ಸ್ವಲ್ಪ ಹೇಳಿದೆ. ಬ್ಯಾರನ್ ಮನೆಯ ಮಾತು ಹೇಳಲಿಲ್ಲ, ಮನಸ್ಸು ಸರಿಯಿಲ್ಲ ಎಂದಷ್ಟೇ ಹೇಳಿದೆ. ಅವರಿಗೆ ಅರ್ಥವಾಯಿತು ಎಂದು ಕಾಣುತ್ತದೆ.

"ನೋಡಿ, ನೀವು ಅರ್ಜಿ ಕೊಟ್ರೆ ನಾನು ಮೇಲಕ್ಕೆ ಕಳಿಸ್ಲೇಬೇಕು. ಡಿಸಿ ಆಫೀಸಿಂದ ವಿಚಾರಣೆ ಬರುತ್ತೆ, ಊರಲ್ಲಿ ನಾಲ್ಕು ಜನರನ್ನ ಕೇಳ್ತಾರೆ. ಕೊಡಬೇಡಿ ಅಂತ ಹೇಳ್ತಿಲ್ಲ, ಏನಾಗುತ್ತೆ ಅಂತ ಹೇಳ್ತಿದೀನಿ. ಅವರೇ ಬಂದು, ಸದ್ಯಕ್ಕೆ ಬೇಡ, ಇಲ್ಲೇ ಇರಲಿ ಅಂತ ಬರ್ಕೊಟ್ರೆ ಆ ದಾರಿ ಸುಲಭ."

"ಅವರು ಬರ್ಕೊಡಲ್ಲ ಸರ್."

"ಕೇಳಿದ್ರಾ?"

"ಇಲ್ಲ."

ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಕೂತರು. ಆಮೇಲೆ, "ನನ್ನ ಜೊತೆ ಕೆಲಸಕ್ಕೆ ಸೇರಿದೋನು ಒಬ್ಬ ಇದ್ದ. ಅವನನ್ನೂ ನಾವ್ಯಾರೂ ಕೇಳಿರಲಿಲ್ಲ" ಎಂದರು.

ಮೇ 8, ಬುಧವಾರ

ಅರ್ಜಿ ಬರೆದಿದ್ದೇನೆ. 'ನನ್ನ ಪತಿ ಉಮಾಶಂಕರ ಅವರು ಮಾನಸಿಕವಾಗಿ ಸ್ವಸ್ಥರಿಲ್ಲದ ಕಾರಣ' ಎಂಬಲ್ಲಿಗೆ ಬಂದಾಗ ನನ್ನ ಅಕ್ಷರವೇ ನನಗೆ ಬೇರೆಯವರದ್ದಾಗಿ ಕಂಡಿತು. ಕೊಡಲು ಧೈರ್ಯವಿಲ್ಲ, ಹರಿದುಹಾಕಲೂ ಇಲ್ಲ. ಬಾಣಂತಿಯರ ರಿಜಿಸ್ಟರಿನೊಳಗೆ ಇಟ್ಟಿದ್ದೇನೆ.

ಎರಡು ಹದ ಮಳೆಯಾಗಿದೆ. ಊರಿನವರೆಲ್ಲ ಸಸಿ ಕಿತ್ತು ನಾಟಿ ಶುರುಮಾಡಿದ್ದಾರೆ. ನಮ್ಮ ಮಡಿಯಲ್ಲಿ ಸಸಿ ಬಲಿಯುತ್ತ ನಿಂತಿದೆ. ಇವರು ಜಗುಲಿಯಲ್ಲಿ ಕೂತು ಅದನ್ನೇ ನೋಡುತ್ತಾರೆ.

ಮೇ 12, ಭಾನುವಾರ

ಇವತ್ತಿನದನ್ನು ಬರೆದಿಡಲೇಬೇಕು.

ನಾಲ್ಕು ಗಂಟೆಗೆ ನಾನು ಹಸುವಿಗೆ ಹುಲ್ಲು ಹಾಕಿ ಒಳಗೆ ಬಂದಾಗ ಇವರು ನನ್ನ ಚೀಲವನ್ನು ಮುಂದಿಟ್ಟುಕೊಂಡು ಕೂತಿದ್ದರು. ತಲೆನೋವಿನ ಮಾತ್ರೆ ಹುಡುಕಲು ಕೈ ಹಾಕಿದ್ದಾರೆ. ರಿಜಿಸ್ಟರು ನೆಲದ ಮೇಲಿತ್ತು. ಅರ್ಜಿ ಕೈಯಲ್ಲಿತ್ತು.

"ಇದೇನು?"

ನಾನು ನೆಲದಿಂದ ರಿಜಿಸ್ಟರು ಎತ್ತಿಕೊಂಡೆ.

"ಗಂಡಂಗೆ ತಲೆ ಕೆಟ್ಟದೆ ಅಂತ ಠಾಣೆಗೆ ಬರ್ದಿದ್ದೀಯ. ಊರೋರ ಮನೆ ಸುತ್ತಿ ಸುತ್ತಿ ಇದನ್ನೇ ಕಲ್ತಿದ್ದಾ?"

ಆರು ತಿಂಗಳಲ್ಲಿ ಇವರು ಒಟ್ಟಿಗೆ ಆಡಿದ ಅತಿ ಉದ್ದದ ಮಾತು ಅದು. ಸಿಟ್ಟಿತ್ತು. ಕಣ್ಣಲ್ಲಿ ಏನೋ ಒಂದು ಇತ್ತಲ್ಲ ಎಂದು ಆ ಹೊತ್ತಿನಲ್ಲೂ ಒಂದು ಬಗೆಯ ಸಮಾಧಾನವಾಯಿತು.

"ಬ್ಯಾರನ್ ಮನೇಲಿ ನೋಡ್ದೆ ರೀ" ಎಂದೆ.

"ಏನ ನೋಡ್ದೆ?"

"ಶಿವರಾತ್ರಿ ಆದ ವಾರ. ಕೋವಿ ಮೇಲೆ ಗಲ್ಲ ಇಟ್ಕೊಂಡು ಕೂತಿದ್ರಲ್ಲ. ಬಾಗಿಲಲ್ಲಿ ನಿಂತು ನೋಡ್ದೆ. ಆಮೇಲೆ ಬಿಂದಿಗೆ ಬೀಳ್ಸಿ ಊಟಕ್ಕೆ ಕರ್ದೆ."

ಇವರ ಕೈಯಲ್ಲಿದ್ದ ಕಾಗದ ಮೆಲ್ಲಗೆ ತೊಡೆಯ ಮೇಲೆ ಇಳಿಯಿತು. ಹೊರಗೆ ಹಸು ಗೊಂತಿಗೆ ಕೊಂಬು ಉಜ್ಜುವುದು ಕೇಳುತ್ತಿತ್ತು.

"ಅವತ್ತೇ ಯಾಕ ಕೇಳ್ನಿಲ್ಲ?"

"ಕೇಳಿದ್ರೆ ಏನ್ ಹೇಳ್ತೀರೋ ಅಂತ ಹೆದರಿಕೆ."

ಇವರು ಗೋಡೆಗೆ ಒರಗಿದರು. "ನಂಗೂ ಗೊತ್ತಿಲ್ಲ ಕಣೆ, ಅವತ್ತು ಏನ್ ಮಾಡಕ್ಕೋಗಿದ್ದೆ ಅಂತ. ನೀನು ಊಟಕ್ಕೆ ಕರ್ದೆ. ಎದ್ದು ಬಂದೆ."

ಪಕ್ಕದಲ್ಲಿ ಕೂತೆ. ಮುಟ್ಟಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಅವರ ಮೊಣಕೈ ಹಿಡಿದುಕೊಂಡೆ. ಮಂಗಳವಾರ ಡಾಕ್ಟರು ಬರುತ್ತಾರೆ, ಬನ್ನಿ ಎಂದೆ. ಮಂಗಳಗೌರಿಯ ಅತ್ತೆಗೆ ಹೇಳಿದ ಬುದ್ಧಿಮಾತು ಒಂದೂ ನೆನಪಿಗೆ ಬರಲಿಲ್ಲ. "ನಂಗೆ ಒಬ್ಬಳ ಕೈಲಿ ಆಗ್ತಿಲ್ಲ ರೀ" ಎಂದಷ್ಟೇ ಹೇಳಿದೆ.

ಇವರು ಅರ್ಜಿಯನ್ನು ಮಡಿಸಿ ನನ್ನ ಚೀಲಕ್ಕೇ ಹಾಕಿದರು.

ಮೇ 14, ಮಂಗಳವಾರ

ಎಂಟು ಗಂಟೆಯ ಬಸ್ಸಿಗೆ ಇವರು ನನಗಿಂತ ಮುಂಚೆ ಹೋಗಿ ನಿಂತಿದ್ದರು. ಶೇವ್ ಮಾಡಿದ್ದರು. ಗಲ್ಲದ ಮೇಲೆ ಎರಡು ಕಡೆ ಕೊಯ್ದುಕೊಂಡಿತ್ತು.

ಆಸ್ಪತ್ರೆಯಲ್ಲಿ ಬೇರೆ ಊರಿನ ಆಶಾದವರು ಇಬ್ಬರು ಸಿಕ್ಕಿ, "ಯಾರ್ನ ಕರ್ಕಂಡು ಬಂದೆ ಪ್ರಮೀಳಾ?" ಎಂದು ಕೇಳಿದರು. ಬಾಯಲ್ಲಿ ಗ್ಯಾಸ್ಟ್ರಿಕ್ ಎಂಬ ಮಾತು ತುದಿಗೇ ಬಂದಿತ್ತು. "ನಮ್ಮ ಯಜಮಾನ್ರನ್ನ" ಎಂದೆ. ಅವರು ಮತ್ತೇನೂ ಕೇಳದೆ ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು.

ಡಾಕ್ಟರು ಮೊದಲು ಇಬ್ಬರನ್ನೂ ಕೂರಿಸಿಕೊಂಡು ನಿದ್ದೆ, ಊಟ, ಕೆಲಸ ಕೇಳಿದರು. ಇವರು ಎಲ್ಲದಕ್ಕೂ ನನ್ನ ಕಡೆ ನೋಡುತ್ತಿದ್ದರು. ಆಮೇಲೆ ನನ್ನನ್ನು ಹೊರಗೆ ಕಳಿಸಿದರು. ನಲವತ್ತು ನಿಮಿಷ ಬಾಗಿಲು ಮುಚ್ಚಿತ್ತು. ಇವರು ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದರು, ಅಂಗಿಯ ಕಾಲರು ಒದ್ದೆಯಾಗಿತ್ತು.

ಡಾಕ್ಟರು ನನ್ನನ್ನು ಒಬ್ಬಳನ್ನೇ ಕರೆದು ಹೇಳಿದರು: "ಇದು ಕಾಯಿಲೆ. ವಾಸಿಯಾಗುತ್ತೆ, ಆದರೆ ವಾರದಲ್ಲಿ ಅಲ್ಲ. ಮಾತ್ರೆ ಶುರುವಾದ ಕೂಡಲೇ ಎಲ್ಲ ಸರಿಹೋಯ್ತು ಅಂದ್ಕೋಬೇಡಿ. ಕೋವಿ ಸದ್ಯಕ್ಕೆ ಮನೆಗೆ ಬರೋದು ಬೇಡ. ಅದನ್ನ ಅವರಿಗೂ ಹೇಳಿದೀನಿ, ಮುಚ್ಚಿಟ್ಟು ಹೇಳಿಲ್ಲ. ಮಧ್ಯೆ ಕಷ್ಟ ಅನ್ನಿಸಿದ್ರೆ ಮಂಗಳವಾರದ ತನಕ ಕಾಯಬೇಡಿ, ಫೋನ್ ಮಾಡಿ." ಚೀಟಿಯ ಹಿಂದೆ 14416 ಎಂದು ಬರೆದರು. ಆ ಸಹಾಯವಾಣಿಯ ನಂಬರು ನನ್ನ ಚೀಲದ ಕರಪತ್ರದಲ್ಲೂ ಇದೆ, ಎಷ್ಟೋ ಮನೆಗೆ ಹಂಚಿದ್ದೇನೆ.

ಆಮೇಲೆ, "ನಿಮಗೆ ನಿದ್ದೆ ಬರುತ್ತಾ?" ಎಂದರು.

ಇಷ್ಟೇ ಕೇಳಿದ್ದು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಹೊರಗೆ ಎಷ್ಟೊಂದು ಜನ ಕಾಯುತ್ತಿದ್ದರು.

ಮೇ 19, ಭಾನುವಾರ

ಮಾತ್ರೆಯಿಂದ ಇವರಿಗೆ ಬಾಯಿ ಒಣಗುತ್ತದೆ, ಹಗಲೆಲ್ಲ ತೂಕಡಿಕೆ. ಯಾರೋ ಈ ಮಾತ್ರೆ ಹಿಡಿದರೆ ಸಾಯುವ ತನಕ ಬಿಡುವುದಿಲ್ಲ ಎಂದರಂತೆ. ಎರಡು ದಿನದ್ದನ್ನು ನುಂಗದೆ ತಲೆದಿಂಬಿನ ಕೆಳಗೆ ಇಟ್ಟಿದ್ದರು. ಹಾಸಿಗೆ ಕೊಡವುವಾಗ ಸಿಕ್ಕಿತು. ಮೊದಲಾಗಿದ್ದರೆ ಸುಮ್ಮನೆ ಎತ್ತಿಡುತ್ತಿದ್ದೆ. ಅಂಗೈಯಲ್ಲಿ ಹಿಡಿದುಕೊಂಡು ಹೋಗಿ, "ಬೇಡ ಅಂದ್ರೆ ಡಾಕ್ಟ್ರಿಗೆ ಬೇಡ ಅನ್ನಿ. ನನ್ನ ಕೈಲಿ ಹುಡುಕ್ಸಬೇಡಿ" ಎಂದೆ. ಜೋರಾಗಿಯೇ ಹೇಳಿದೆನೇನೋ, ಹಸು ತಿರುಗಿ ನೋಡಿತು.

ಆ ನಂಬರಿಗೆ ಫೋನ್ ಮಾಡಿ ಇವರ ಕೈಗೇ ಕೊಟ್ಟೆ. ಆ ಕಡೆ ಯಾರೋ ಹೆಂಗಸು ನಿಧಾನವಾಗಿ ಕನ್ನಡದಲ್ಲಿ ಮಾತಾಡಿದರು. ಇವರು ನಾಲ್ಕೈದು ಸಲ "ಹೂಂ ಮೇಡಂ" ಎಂದರು. ಈಗ ಡಾಕ್ಟರು ಹೇಳಿದ ಹೊತ್ತಿಗೇ ನುಂಗುತ್ತಿದ್ದಾರೆ.

ಮೇ 25, ಶನಿವಾರ

ನಾಟಿ ಶುರುವಾಯಿತು. ಇವರು ಗುಣಿಗೆ ನೀರು ಹಾಕಿದರು, ಅರ್ಧ ದಿನ. ಸೊಂಟ ನೋವು ಎಂದರು. ಸೊಂಟ ನೋವು ಎಂದು ಕೇಳಿ ಎಷ್ಟು ದಿನವಾಗಿತ್ತು.

ಮೇ 28, ಮಂಗಳವಾರ

ಆಸ್ಪತ್ರೆ. ಮಾತ್ರೆ ಬದಲಾಯಿಸಿದರು. ಬರುವಾಗ ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ನೋಡುತ್ತಲೇ, "ಅತ್ತಿಗೆ ಮನೆಗೆ ಒಂದ್ಸಲ ಓಗ್ಬೇಕು. ನೀನೂ ಬಾ" ಎಂದರು. ಯಾಕೆ ಎಂದು ಕೇಳಿದೆ. "ಡಾಕ್ಟ್ರಿಗೆ ಹೇಳ್ದದ್ದ ಅವರ್ಗೂ ಹೇಳ್ಬೇಕು." ನನಗೂ ಗೊತ್ತಿಲ್ಲದ್ದು ಏನೋ ಇದೆ ಎಂದು ಇವತ್ತೇ ತಿಳಿದದ್ದು.

ಜೂನ್ 2, ಭಾನುವಾರ

ಹೋದೆವು. ಮಲ್ಲಾಜಮ್ಮಕ್ಕ ಜಗುಲಿಯಲ್ಲಿ ಕೂತು ಬಿತ್ತನೆ ರಾಗಿ ಕೇರುತ್ತಿದ್ದರು. ಇವರನ್ನು ಕಂಡು ಮೊರ ನಿಲ್ಲಿಸಿದರು. ಬಾ ಅನ್ನಲಿಲ್ಲ. ಇವರು ಜಗುಲಿಯ ಕೆಳಗೆ ನಿಂತುಕೊಂಡೇ ಜೇಬಿನಿಂದ ಆ ತೋಟಾ ತೆಗೆದು ಅವರ ಮುಂದೆ ಇಟ್ಟರು.

"ಅತ್ತಿಗೆ, ನಾನು ಸುಳ್ಳು ಹೇಳ್ದೆ. ಅವತ್ತು ಈಡು ಹೊಡೀನಿಲ್ಲ. ಅಣ್ಣ ಹೊಡಿಯೋ ಹೊಡಿಯೋ ಅಂತ ಕೂಗ್ತಿದ್ದ. ತೋಟಾ ತುಂಬಿತ್ತು. ಕೈ ಏಳ್ನಿಲ್ಲ. ಇದು ಅವತ್ತಿಂದು."

ಅಕ್ಕ ತೋಟಾವನ್ನು ಮುಟ್ಟಲಿಲ್ಲ.

"ಗೊತ್ತು ಕಣಪ್ಪ" ಎಂದರು.

ಇವರು ತಲೆಯೆತ್ತಿದರು.

"ಅಲ್ಲಿ ಈಡು ಬಿದ್ರೆ ಈ ಜಗುಲಿಗೆ ಕೇಳಕ್ಕಿಲ್ವಾ? ಅವತ್ತು ನಾನು ಎದ್ದೇ ಇದ್ದೆ. ಪಟಾಕಿ ಸದ್ದು ಕೇಳ್ತು, ಆನೆ ಗೀಳಿಟ್ಟದ್ದು ಕೇಳ್ತು. ಈಡಿನ ಸದ್ದು ಬರ್ನಿಲ್ಲ. ಊರ್ಗೆಲ್ಲಾ ಗೊತ್ತು."

"ಮತ್ತೆ ಯಾರೂ ಯಾಕ ಕೇಳ್ನಿಲ್ಲ?"

"ಕೇಳಿ ಏನ್ ಮಾಡದು? ನಿಮ್ಮಣ್ಣ ಎದ್ದು ಬತ್ತಾನಾ?" ಅಕ್ಕನ ದನಿ ಅಲ್ಲಿಗೆ ಒಡೆಯಿತು. "ಮೊದ್ಲು ಸಿಟ್ಟಿತ್ತು, ಇಲ್ಲ ಅನ್ನಕ್ಕಿಲ್ಲ. ಹೊಡ್ದಿದ್ರೆ ಉಳೀತಿದ್ನೋ ಏನೋ, ಹೊಡ್ದ್ರೂ ಆನೆ ಬುಡ್ತಿತ್ತೋ ಇಲ್ವೋ, ಯಾರಿಗ್ಗೊತ್ತು. ಆದ್ರೆ ಅದಾದ ಮ್ಯಾಕೆ ಏಳು ತಿಂಗ್ಳು ನನ್ನ ಮನೆ ಕಡೀಕೆ ತಲೆ ಹಾಕ್ನಿಲ್ವಲ್ಲ ನೀನು. ಗಂಡನೂ ಓದ, ಮೈದನೂ ಓದ. ಅದ ಎಂಗೆ ತಡ್ಕಳ್ಳಿ ನಾನು?"

ಇವರು ಜಗುಲಿಯ ಅಂಚಿಗೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಕ್ಕ ಎದ್ದು ಬಂದು ತಲೆ ನೇವರಿಸುತ್ತಾರೇನೋ ಎಂದುಕೊಂಡೆ. ಹಾಗೇನೂ ಮಾಡಲಿಲ್ಲ. ಮೊರ ಎತ್ತಿಕೊಂಡು ಮತ್ತೆ ಕೇರತೊಡಗಿದರು. ತುಂಬ ಹೊತ್ತಾದ ಮೇಲೆ, "ಉಂಡ್ಕಂಡು ಓಗಿ, ಮುದ್ದೆ ಮಾಡಿವ್ನಿ" ಎಂದರು.

ಉಂಡೆವು. ಇವರು ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡರು.

ಮನೆಗೆ ಬಂದ ಮೇಲೆ ನಾನು ಸಿಟ್ಟಾದೆ. ಇದನ್ನೂ ಬರೆದಿಡಬೇಕು. ಇಷ್ಟು ವರ್ಷ ಜೊತೆಗಿದ್ದ ನನಗೆ ಹೇಳದ್ದನ್ನು ಡಾಕ್ಟರಿಗೆ ಹೇಳಿದರಲ್ಲ ಎಂದು. ಬ್ಯಾರನ್ ಮನೆಯಲ್ಲಿ ನಾನು ಕಂಡದ್ದನ್ನು ಎರಡು ತಿಂಗಳು ಇವರಿಂದ ಮುಚ್ಚಿಟ್ಟದ್ದು ಆಮೇಲೆ ನೆನಪಾಯಿತು.

ಜೂನ್ 10, ಸೋಮವಾರ

ಕೋವಿ ವಾಪಸ್ ಕೊಡುವ ದಿನ. ಅರ್ಜಿ ನನ್ನ ಚೀಲದಲ್ಲಿ ಹಾಗೇ ಇತ್ತು. ಇವರು ಏನು ಮಾಡುತ್ತಾರೆಂದು ನಾನು ಕೇಳಿರಲಿಲ್ಲ, "ನಾನೂ ಬರ್ತೀನಿ" ಎಂದಷ್ಟೇ ಹೇಳಿದೆ.

ಠಾಣೆಯ ವರಾಂಡದಲ್ಲಿ ಇಪ್ಪತ್ತು ಇಪ್ಪತ್ತೈದು ಜನ ರಸೀದಿ ಹಿಡಿದು ನಿಂತಿದ್ದರು. ಎಲ್ಲ ಸುತ್ತಲಿನ ಊರಿನವರೇ, ಎಲ್ಲರಿಗೂ ಇವರ ಪರಿಚಯ. ಇವರ ಸರದಿ ಬಂದಾಗ ಮಹೇಂದ್ರ ಅವರು ಚೀಟಿ ನೋಡಿ ಕೋವಿ ತರಲು ಎದ್ದರು.

"ಸರ್, ಅದು ಇಲ್ಲೇ ಇರ್ಲಿ" ಎಂದರು ಇವರು.

ಮಹೇಂದ್ರ ಅವರು ನನ್ನ ಕಡೆ ನೋಡಲಿಲ್ಲ. ನನ್ನನ್ನು ಎಂದೂ ಕಂಡಿಲ್ಲವೆಂಬಂತೆ ಒಂದು ಬಿಳಿ ಹಾಳೆ ಕೊಟ್ಟು, "ಕಾರಣ ಬರ್ದು ಸೈನ್ ಮಾಡಿ" ಎಂದರು. ಇವರು ಕಿಟಕಿಯ ಕಟ್ಟೆಯ ಮೇಲೆ ಹಾಳೆಯಿಟ್ಟು ನಿಧಾನವಾಗಿ ಬರೆದರು. ಹಿಂದಿನಿಂದ ಯಾರೋ, "ಅದೇನ ಬರೀತಿದ್ದೀಯ ಉಮಾಸಂಕ್ರಣ್ಣ, ಬಸ್ಸು ಓಯ್ತದೆ" ಎಂದರು.

ಇವರು ಬರೆದದ್ದನ್ನು ಅಲ್ಲೇ ಓದಿದರು. ಓದಬೇಕೆಂದು ಯಾರೂ ಕೇಳಿರಲಿಲ್ಲ. 'ನನಗೆ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ನಡೆಯುತ್ತಿದೆ. ಡಾಕ್ಟರು ಸರಿ ಎನ್ನುವವರೆಗೆ ಈ ಕೋವಿ ನನ್ನ ಕೈಗೆ ಬೇಡ.'

ಮಹೇಂದ್ರ ಅವರು ಹಾಳೆ ತೆಗೆದುಕೊಂಡು ಮೊಹರು ಒತ್ತಿದರು. ಆಮೇಲೆ ಸಾಲು ಮುಂದೆ ಸರಿಯಿತು.

ಬಸ್ಸಿನಲ್ಲಿ ಸಣ್ಣಬೀರಯ್ಯನವರು ನನ್ನ ಪಕ್ಕದ ಸೀಟಿಗೆ ಬಂದರು. ಗೋಣಿಯಲ್ಲಿ ಸುತ್ತಿದ ಕೋವಿಯನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡಿದ್ದರು. ಬಹಳ ಹೊತ್ತು ಕೆಮ್ಮಿದರು.

"ಆ ಡಾಕ್ಟ್ರು ಯಾವ ವಾರ ಬತ್ತಾರವ್ವ?"

"ಮಂಗಳವಾರ, ದೊಡ್ಡಪ್ಪ. ಯಾರಿಗೆ?"

"ನಂಗೂ ಅವತ್ತಿಂದ ನಿದ್ದೆ ಇಲ್ಲ ಕಣವ್ವ. ನಂದು ಪಕ್ಕದ ಹೊಲವೇ ಅಲ್ವಾ. ಬಸವರಾಜು ಕೂಗ್ಕಂಡದ್ದು ಕೇಳ್ತು. ಉಮಾಸಂಕ್ರನ ಈಡು ಬೀಳ್ನಿಲ್ಲ ಅಂತನೂ ಗೊತ್ತಾಯ್ತು. ನನ್ನ ಕೈಲೂ ಕೋವಿ ಇತ್ತಲ್ಲ. ನಾನೂ ಹೊಡೀನಿಲ್ಲ."

ಮುಂದಿನ ಸೀಟಿನಲ್ಲಿದ್ದ ಇವರಿಗೆ ಕೇಳಿಸಿತು. ಹಿಂದಕ್ಕೆ ತಿರುಗಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

ಇಳಿಯುವಾಗ ನಾನು, "ಕೋವಿ ಎಲ್ಲಿಡ್ತೀರ ದೊಡ್ಡಪ್ಪ? ತೋಟಾ ಬೇರೆ ಕಡೆ ಬೀಗ ಹಾಕಿಡಿ. ಬೀಗದ ಕೈ ನಿಮ್ಮ ಮಗಳು ಸುನಂದಮ್ಮನ ಹತ್ರ ಇರ್ಲಿ. ಒಬ್ಬರೇ ಇರುವಾಗ ಏನಾದರೂ ಕೆಟ್ಟ ಯೋಚನೆ ಬರುತ್ತಾ?" ಎಂದು ಕೇಳಿದೆ. ಅವರು ಇಲ್ಲ ಎಂದು ತಲೆಯಾಡಿಸಿದರು. ಆಮೇಲೆ "ಅಪರೂಪ್ಕೆ" ಎಂದರು. ನಾನೂ ಇವರೂ ಅವರ ಮನೆಯ ತನಕ ಹೋಗಿ, ಸುನಂದಮ್ಮನಿಗೆ ವಿಷಯ ಹೇಳಿ, ಬೀಗ ಹಾಕಿಸಿಯೇ ಬಂದೆವು.

ಜೂನ್ 21, ಶುಕ್ರವಾರ

ರಾಗಿ ಬಂದಾಗ ಕಾಯುವುದು ಹೇಗೆಂದು ಊರಿನವರು ಅರಳಿಕಟ್ಟೆಯಲ್ಲಿ ಸೇರಿದ್ದರು. ಒಂದು ಕೋವಿ ಕಡಿಮೆಯಾಯಿತಲ್ಲ ಎಂದು ಗೊಣಗಾಟ. ಯಾರೋ, "ಇದ್ದಾಗ ಏನ್ ಮಾಡಿದ್ರು ಬುಡು" ಎಂದರು. ಇವರು ಅಲ್ಲೇ ಇದ್ದರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಮಾತು ಮುಗಿದ ಮೇಲೆ, ಇನ್ನು ಮುಂದೆ ಅಟ್ಟಣೆಯಲ್ಲಿ ನಾಲ್ಕು ಜನಕ್ಕೆ ಕಡಿಮೆ ಇರಬಾರದು, ಯಾರೂ ಕೆಳಗೆ ಇಳಿಯಬಾರದು, ಅರಣ್ಯದವರಿಗೆ ಮೊದಲು ಫೋನ್ ಮಾಡಬೇಕು ಎಂದರು. ಮಲ್ಲಾಜಮ್ಮಕ್ಕ ಹೆಂಗಸರ ಕಡೆಯಿಂದ, "ಅವನು ಹೇಳದು ಸರಿ" ಎಂದರು. ಅಷ್ಟಕ್ಕೆ ಎಲ್ಲರೂ ಎದ್ದರು.

ಮನೆಗೆ ಬಂದು ಇವರು ಉಣ್ಣಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು. ಇನ್ನೂ ಇಂಥ ದಿನಗಳು ಬರುತ್ತವೆ ಎಂದು ಡಾಕ್ಟರು ಹೇಳಿದ್ದಾರೆ. ಪಕ್ಕದಲ್ಲಿ ಕೂತು "ಎಷ್ಟು ಕಷ್ಟ ಆಗ್ತಿದೆ?" ಎಂದು ಕೇಳಿದೆ. "ಇವತ್ತು ಜಾಸ್ತಿ. ಆದ್ರೆ ಅವತ್ತಿನಷ್ಟಿಲ್ಲ" ಎಂದರು.

ಜುಲೈ 2, ಮಂಗಳವಾರ

ಹತ್ತು ದಿನದಿಂದ ಇದನ್ನು ಮುಟ್ಟಿಲ್ಲ. ಸೊಳ್ಳೆ ಸಮೀಕ್ಷೆ, ಮೂರು ಹೆರಿಗೆ, ಪುರುಸೊತ್ತೇ ಇಲ್ಲ. ಮಂಗಳಗೌರಿಯ ಮಗುವಿಗೆ ಇವತ್ತು ತೂಕ ನೋಡಿದೆ, ಚೆನ್ನಾಗಿ ಬಂದಿದೆ. ಅವಳ ಅತ್ತೆ ಕಾಫಿ ಕೊಟ್ಟು, ಮೇಲಿನ ಬೀದಿಯ ಮರಮ್ಮನ ಸೊಸೆಯೂ ಅಳುತ್ತಾಳಂತೆ, ಒಂದು ಸಲ ನೋಡಿ ಎಂದರು. ಸ್ಪಂದನಾ ಕಾಲೇಜಿನ ಅರ್ಜಿಗೆ ಫೋಟೊ ಬೇಕೆಂದು ಫೋನ್ ಮಾಡಿದ್ದಳು. ಅಪ್ಪ ಹೇಗಿದ್ದಾರೆ ಎಂದು ಕೇಳಿದ್ದಕ್ಕೆ, ಇರುವುದನ್ನು ಇರುವ ಹಾಗೆ ಹೇಳಿದೆ.

ಆಸ್ಪತ್ರೆಗೆ ಈ ಸಲ ನಾನು ಹೋಗಲಾಗಲಿಲ್ಲ, ನಮಗೆ ಮೀಟಿಂಗ್ ಇತ್ತು. ಇವರೂ ಸಣ್ಣಬೀರಯ್ಯನವರೂ ಇಬ್ಬರೇ ಬೆಳಗಿನ ಬಸ್ಸಿಗೆ ಹೋದರು. ಚೀಟಿ ಎಲ್ಲಿ ಮಾಡಿಸಬೇಕು, ಯಾವ ಬೆಂಚಿನಲ್ಲಿ ಕೂರಬೇಕು ಎಂದು ಇವರು ದೊಡ್ಡಪ್ಪನಿಗೆ ಹೇಳುತ್ತಿದ್ದುದು ಬಾಗಿಲಿಗೆ ಕೇಳುತ್ತಿತ್ತು.

ಐದು ಗಂಟೆಯ ಬಸ್ಸು ಬಂದು ಹೋಯಿತು, ಅದರಲ್ಲಿ ಬರಲಿಲ್ಲ. ಜನ ಜಾಸ್ತಿ ಇತ್ತೇನೋ. ಇಲ್ಲದಿದ್ದರೆ ಇಬ್ಬರೂ ಹೋಟೆಲಿನಲ್ಲಿ ದೋಸೆ ತಿನ್ನುತ್ತ ಕೂತಿರಬಹುದು. ಏಳರ ಬಸ್ಸಿಗೆ ಬರುತ್ತಾರೆ. ಸಾರು ಆಗಿದೆ, ಅನ್ನಕ್ಕೆ ಆಮೇಲೆ ಇಟ್ಟರಾಯಿತು. ಅಲ್ಲಿಯ ತನಕ ಸ್ವಲ್ಪ ಹೊತ್ತು ಮಲಗುತ್ತೇನೆ.